ಬಿಸಿಲಿಗೆ ಬಾಗಿಲು ಹಾಕಿದವರು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಬಿಸಿಲಿಗೆ ಬರ ಬಂದಿದೆ ಎಂದರೆ ಕೇಳಿದವರು ನಕ್ಕಾರು. ಇಲ್ಲಿ ನೀರಿಗೆ ಬರ ಬಂದದ್ದುಂಟು, ಮೇವಿಗೆ ಬರ ಬಂದದ್ದುಂಟು, ಮಳೆ ಕೈಕೊಟ್ಟ ವರ್ಷ ಮೆಕ್ಕೆಜೋಳ ಮೊಣಕಾಲೆತ್ತರದಲ್ಲೇ ಸುಟ್ಟುಹೋದದ್ದುಂಟು. ಸೂರ್ಯ ಮಾತ್ರ ಎಂದೂ ಕೈಕೊಟ್ಟವನಲ್ಲ. ಹಾನಗಲ್ಲು, ಹಿರೇಕೆರೂರಿನ ಕಡೆ ಆಷಾಢ ಶ್ರಾವಣದಲ್ಲಿ ನಾಲ್ಕು ವಾರ ಮೋಡ ಮುಸುಕಿದರೂ ವರ್ಷದ ಉಳಿದ ದಿನಗಳಲ್ಲಿ ಆತ ಯಾರ ಜಾತಿಯನ್ನೂ ಕೇಳದೆ ಎಲ್ಲರ ನೆತ್ತಿಯ ಮೇಲೂ ನಿಲ್ಲುತ್ತಾನೆ.

ಆದರೂ ನಮ್ಮ ಓಣಿಗಳಲ್ಲಿ ಹೊಸ ಮಾತೊಂದು ಕೆಲವು ವರ್ಷಗಳಿಂದ ಓಡಾಡುತ್ತಿದೆ. ಸೊಂಟ ನೋವೆಂದು ಹೋದವಳಿಗೆ, ಮೆಟ್ಟಿಲು ಹತ್ತಲಾಗದು ಎಂದವಳಿಗೆ, ತೊಡೆಯಲ್ಲಿ ಬಲವಿಲ್ಲ ಎಂದವಳಿಗೆ ಡಾಕ್ಟರು ಹೇಳುವ ಮಾತು ಅದು: 'ವಿಟಮಿನ್ ಡಿ ಕಡಿಮೆ ಇದೆ.' ವಾರಕ್ಕೊಮ್ಮೆ ಹಾಲಿಗೆ ಬೆರೆಸಿ ಕುಡಿಯುವ ಪುಡಿಯ ಚೀಟಿಯೊಂದು ಕೈಗೆ ಬರುತ್ತದೆ. ಜೊತೆಗೆ ಒಂದು ಉಪದೇಶವೂ ಬರುತ್ತದೆ: ಬಿಸಿಲಿಗೆ ಹೋಗಿ.

ಈ ಉಪದೇಶದ ಹಿಂದೆಯೇ ಎರಡು ಗುಂಪುಗಳು ತಯಾರಾಗಿ ನಿಂತಿವೆ. ಒಂದು ಗುಂಪಿಗೆ ಕಾರಣ ಆಗಲೇ ಗೊತ್ತು: ಬುರ್ಖಾ. ಈ ಗುಂಪಿಗೆ ನಮ್ಮ ಹೆಣ್ಣುಮಕ್ಕಳ ಮೂಳೆಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕುತ್ತದೆ. ಇನ್ನೊಂದು ಗುಂಪು ನಮ್ಮೊಳಗಿನದೇ. ಅದರ ಪ್ರಕಾರ ಇದೆಲ್ಲ ಔಷಧ ಕಂಪನಿಗಳ ಹುನ್ನಾರ, ಇಲ್ಲವೇ ಸಮುದಾಯವನ್ನು ಹೀಯಾಳಿಸಲು ಹುಟ್ಟಿಸಿದ ಕತೆ, ಅದೂ ಅಲ್ಲದಿದ್ದರೆ ಸಬರ್ ಮಾಡಬೇಕಾದ ಸಣ್ಣ ಕಷ್ಟ. ಒಂದು ಗುಂಪು ಬಟ್ಟೆಯನ್ನು ಬೈಯುತ್ತದೆ, ಇನ್ನೊಂದು ಬಟ್ಟೆಯನ್ನು ಕಾಯುತ್ತದೆ. ನಡುವೆ ಕತ್ತಲ ಕೋಣೆಯಲ್ಲಿ ಕುಳಿತ ಹೆಂಗಸಿನ ಮೂಳೆ ಸವೆಯುತ್ತಲೇ ಇರುತ್ತದೆ. ಈ ಎರಡು ಗುಂಪುಗಳ ಜೊತೆಗೂ ನಮ್ಮ ತಕರಾರಿದೆ.

ಮೊದಲು ವಿಷಯವೇನೆಂದು ತಿಳಿಯೋಣ. ವಿಟಮಿನ್ 'ಡಿ'ಯನ್ನು ನಮ್ಮ ಚರ್ಮವೇ ತಯಾರಿಸುತ್ತದೆ. ಚರ್ಮದಲ್ಲಿರುವ ಕೊಲೆಸ್ಟರಾಲಿನ ಬಳಗದ ಒಂದು ವಸ್ತುವಿನ ಮೇಲೆ ಬಿಸಿಲಿನ ಅತಿನೇರಳೆ 'ಬಿ' ಕಿರಣ ಬಿದ್ದಾಗ ಅದು 'ಡಿ' ಆಗುತ್ತದೆ. ಮುಂದೆ ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಇನ್ನೊಮ್ಮೆ ರೂಪಾಂತರ ಹೊಂದಿ ಕೆಲಸಕ್ಕೆ ನಿಲ್ಲುತ್ತದೆ. ಅದರ ಮುಖ್ಯ ಕೆಲಸ ತಿಂದ ಅನ್ನದಲ್ಲಿನ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರುವಂತೆ ಮಾಡುವುದು. 'ಡಿ' ಸಾಕಷ್ಟಿದ್ದರೆ ತಿಂದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 30ರಿಂದ 40 ಪಾಲು ದೇಹಕ್ಕೆ ದಕ್ಕುತ್ತದೆ, ಇಲ್ಲದಿದ್ದರೆ 10ರಿಂದ 15 ಪಾಲು. ಉಳಿದದ್ದು ಹೊರಗೆ ಹೋಗುತ್ತದೆ. ಕೊರತೆ ತುಂಬಲು ದೇಹವು ತನ್ನದೇ ಮೂಳೆಯಿಂದ ಸಾಲ ಎತ್ತುತ್ತದೆ. ಮಕ್ಕಳಲ್ಲಿ ಇದು ರಿಕೆಟ್ಸ್ ಆಗಿ ಕಾಲು ಬಿಲ್ಲಿನಂತೆ ಬಾಗುತ್ತದೆ. ದೊಡ್ಡವರಲ್ಲಿ ಮೂಳೆ ಮೆತ್ತಗಾಗಿ ಸೊಂಟ, ತೊಡೆ, ಪಕ್ಕೆಲುಬು ನೋಯುತ್ತವೆ, ಸ್ನಾಯು ಸೋಲುತ್ತದೆ, ನಡಿಗೆ ಬಾತುಕೋಳಿಯದಾಗುತ್ತದೆ, ಕುಕ್ಕರಗಾಲಲ್ಲಿ ಕುಳಿತರೆ ಏಳಲು ಗೋಡೆ ಬೇಕಾಗುತ್ತದೆ.

ನಮ್ಮ ಮನೆಗಳಲ್ಲಿ ನಮಾಜಿಗೆ ಕುರ್ಚಿಗಳು ಹೆಚ್ಚುತ್ತಿವೆ. ಮುದುಕರಿಗೆ ಕುರ್ಚಿ ಸರಿ. ಮೂವತ್ತೈದರ, ನಲವತ್ತರ ಹೆಂಗಸು ಸಜ್ದಾಕ್ಕೆ ಬಾಗಿ ಮೇಲೇಳಲಾರದೆ ಕುರ್ಚಿ ಹಿಡಿದರೆ ಅದನ್ನು ವಯಸ್ಸು ಎನ್ನಬಹುದೇ? ಎಲ್ಲ ಮಂಡಿ ನೋವೂ 'ಡಿ' ಕೊರತೆಯಲ್ಲ ನಿಜ. ಸಂಧಿವಾತವಿದೆ, ರಕ್ತಹೀನತೆಯಿದೆ, ಥೈರಾಯ್ಡಿದೆ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಕೇಳದೆಯೇ ಕುರ್ಚಿ ತಂದು ಇಡುವುದು ನಮ್ಮ ರೂಢಿಯಾಗಿದೆ.

ಈಗ ಬುರ್ಖಾದ ವಾದಕ್ಕೆ ಬರೋಣ. ಕೇಂದ್ರ ಸರ್ಕಾರ 2016ರಿಂದ 2018ರವರೆಗೆ ದೇಶದಾದ್ಯಂತ ಮಕ್ಕಳ ಸಮಗ್ರ ಪೌಷ್ಟಿಕತೆ ಸಮೀಕ್ಷೆ ನಡೆಸಿತು. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ನೂರಕ್ಕೆ 14, ಐದರಿಂದ ಒಂಬತ್ತರವರಲ್ಲಿ 18, ಹತ್ತರಿಂದ ಹತ್ತೊಂಬತ್ತರವರಲ್ಲಿ 24 ಮಂದಿಗೆ ವಿಟಮಿನ್ 'ಡಿ' ಕೊರತೆ ಇತ್ತು. ಈ ಮಕ್ಕಳು ಯಾವ ಬುರ್ಖಾ ತೊಟ್ಟಿದ್ದರು? ಎಲ್ಲ ಜಾತಿಯ, ಎಲ್ಲ ಧರ್ಮದ ಮಕ್ಕಳು ಅವರು. ವಯಸ್ಸು ಏರಿದಂತೆ ಕೊರತೆಯೂ ಏರಿದೆ ಎಂದರೆ ಅರ್ಥ ಸ್ಪಷ್ಟ: ಅಂಗಳದಲ್ಲಿ ಆಡುವ ಮಗು ತರಗತಿಯೊಳಗೆ ಸೇರಿತು, ತರಗತಿಯಿಂದ ಟ್ಯೂಷನ್ನಿಗೆ, ಟ್ಯೂಷನ್ನಿನಿಂದ ಮೊಬೈಲಿಗೆ ಸೇರಿತು. ಕಿಟಕಿಯ ಗಾಜಿನ ಒಳಗೆ ಬರುವ ಬಿಸಿಲು ಬೆಳಕು ಕೊಡುತ್ತದೆಯೇ ಹೊರತು 'ಡಿ' ಕೊಡುವುದಿಲ್ಲ. ಆ ಕಿರಣವನ್ನು ಗಾಜು ತಡೆಯುತ್ತದೆ. ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕುಳಿತ ಎಂಜಿನಿಯರನಿಗೂ ಇದೇ ಕೊರತೆ. ಅವನಿಗೆ ಮಾತ್ರ ಯಾರೂ ನಿನ್ನ ಧರ್ಮ ಬಿಡು ಎನ್ನುವುದಿಲ್ಲ.

ಹಾಗೆಂದು ಮುಚ್ಚಿದ ಬದುಕಿಗೂ ಮೂಳೆಗೂ ಸಂಬಂಧವೇ ಇಲ್ಲ ಎಂದು ನಾವು ವಾದಿಸುವುದಿಲ್ಲ. ಸಂಬಂಧ ಇದೆ, ಅದು ಹೊಸ ಶೋಧವೂ ಅಲ್ಲ. ಶ್ರೀನಗರದ ಜನಾನಾ ಆಸ್ಪತ್ರೆಯಲ್ಲಿ ದುಡಿದ ಬ್ರಿಟಿಷ್ ವೈದ್ಯೆ ಕ್ಯಾಥಲೀನ್ ಓಲ್ಗಾ ವಾನ್ 1928ರಲ್ಲಿ ಪರದಾ ಪದ್ಧತಿ ಮತ್ತು ತಾಯ್ತನದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಬಿಸಿಲು ಕಾಣದ ಮನೆಗಳಲ್ಲಿ ಕುಳಿತ ಹೆಂಗಸರ ಸೊಂಟದ ಮೂಳೆ ಮೆತ್ತಗಾಗಿ, ಆಕಾರ ಕೆಟ್ಟು, ಹೆರಿಗೆಯಲ್ಲಿ ತಾಯಿ ಮಗು ಇಬ್ಬರೂ ಸಾಯುತ್ತಿದ್ದುದನ್ನು ಆಕೆ ಕಂಡಿದ್ದರು. ಅದೇ ಕಾಶ್ಮೀರದಲ್ಲಿ ದೋಣಿಯ ಮೇಲೆ ಬದುಕುವ ಹಾಂಜಿ ಹೆಂಗಸರು ದಿನವಿಡೀ ಬಿಸಿಲಲ್ಲಿ ಹುಟ್ಟು ಹಾಕುತ್ತ, ಸುಲಭವಾಗಿ ಹೆರುತ್ತಿದ್ದರು ಎಂಬುದನ್ನೂ ಆಕೆ ಗಮನಿಸಿದ್ದರು. ದೋಣಿಯವರೂ ಮುಸ್ಲಿಮರು, ಮನೆಯವರೂ ಮುಸ್ಲಿಮರು. ಕಲಿಮಾ ಒಂದೇ, ಕಣಿವೆ ಒಂದೇ. ಬೇರೆಯಾಗಿದ್ದದ್ದು ದುಡಿಮೆ ಮತ್ತು ಬೆಳಕು.

ಕಾಶ್ಮೀರದ ಈ ಮಾತನ್ನು ನಮ್ಮ ನಾಲ್ಕು ತಾಲ್ಲೂಕುಗಳಿಗೆ ತಂದು ನೋಡಿ. ಹಾನಗಲ್ಲಿನ ಗದ್ದೆಯಲ್ಲಿ ನಾಟಿ ಮಾಡುವವಳು, ಹಿರೇಕೆರೂರಿನ ಹೊಲದಲ್ಲಿ ಹತ್ತಿ ಬಿಡಿಸುವವಳು, ಸವಣೂರಿನ ಎಲೆಬಳ್ಳಿ ತೋಟಗಳ ಸುತ್ತ ಕೂಲಿಗೆ ಹೋಗುವವಳು ಮುಸ್ಲಿಮಳೂ ಹೌದು, ತಲೆಗೆ ಸೆರಗು ಹೊದ್ದವಳೂ ಹೌದು. ಆಕೆಗೆ ಬಿಸಿಲು ಬೇಕಾದುದಕ್ಕಿಂತ ಹೆಚ್ಚೇ ಸಿಗುತ್ತದೆ. ಬಿಸಿಲು ಸಿಗದವಳು ಪಟ್ಟಣದ ಓಣಿಯ ಎರಡು ಕೋಣೆಯ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಾಳೆ. ಆಕೆಯ ಅತ್ತೆಯ ಕಾಲದ ಮನೆಗೆ ಆಂಗನ್ ಇತ್ತು, ಹಿತ್ತಲಿತ್ತು, ನಾಲ್ಕು ಗೋಡೆಯ ನಡುವೆ ಆಕಾಶವಿತ್ತು. ಪರದಾ ಇದ್ದೂ ಬಿಸಿಲಿತ್ತು. ಅಣ್ಣತಮ್ಮಂದಿರು ಪಾಲಾದಾಗ ಮೊದಲು ಹೋದದ್ದು ಆ ಆಂಗನ್. ಅಲ್ಲೊಂದು ಕೋಣೆ ಎದ್ದಿತು, ಮೇಲೆ ತಗಡು ಬಂತು, ಪಕ್ಕದ ಮನೆಯ ಗೋಡೆ ಕಿಟಕಿಗೆ ಅಂಟಿ ನಿಂತಿತು. ಪರದೆ ಮೊದಲಿನದೇ ಉಳಿಯಿತು, ಆಕಾಶ ಮಾತ್ರ ಹೋಯಿತು. ಹೀಗಿರುವಾಗ ರೋಗವನ್ನು ಬಟ್ಟೆಯ ಲೆಕ್ಕಕ್ಕೆ ಮಾತ್ರ ಬರೆಯುವವರು ಮನೆಯ ಲೆಕ್ಕವನ್ನು ಯಾರ ಖಾತೆಗೆ ಬರೆಯುತ್ತಾರೆ?

ಉರ್ದುವಿನಲ್ಲಿ ಬಿಸಿಲಿಗೆ 'ಧೂಪ್' ಎನ್ನುತ್ತಾರೆ. ಕನ್ನಡದಲ್ಲಿ 'ಧೂಪ' ಎಂದರೆ ಹೊಗೆ. ಎರಡೂ ಭಾಷೆ ಆಡುವ ನಮ್ಮ ಮನೆಗಳ ಬಾಣಂತಿ ಕೋಣೆಯಲ್ಲಿ ಕನ್ನಡದ ಧೂಪ ಹೇರಳವಾಗಿದೆ, ಉರ್ದುವಿನ ಧೂಪ್ ಇಲ್ಲ. ಕಿಟಕಿಗೆ ಚಾದರ, ಬಾಗಿಲಿಗೆ ಪರದೆ, ಕೆಂಡದ ಮೇಲೆ ಲೋಬಾನ. ನಲವತ್ತು ದಿನ ತಾಯಿ ಮಗು ಇಬ್ಬರೂ ಈ ಹೊಗೆಗತ್ತಲಲ್ಲಿ. ನೆರೆಯ ಲಿಂಗಾಯತರ ಮನೆಯಲ್ಲೂ, ಕುರುಬರ ಮನೆಯಲ್ಲೂ ಬಾಣಂತನ ಹೆಚ್ಚು ಕಡಿಮೆ ಹೀಗೆಯೇ. ಇಲ್ಲಿ ಯಾರೂ ಯಾರನ್ನೂ ಆಡಿಕೊಳ್ಳುವಂತಿಲ್ಲ. ತಾಯಿಯ ಹಾಲು ಅಮೃತ. ಆದರೆ ಅದರಲ್ಲಿ ವಿಟಮಿನ್ 'ಡಿ' ಬಹಳ ಕಡಿಮೆ, ತಾಯಿಗೇ ಕೊರತೆ ಇದ್ದರೆ ಇನ್ನೂ ಕಡಿಮೆ. ಅದಕ್ಕೇ ಭಾರತೀಯ ಮಕ್ಕಳ ತಜ್ಞರ ಸಂಘ ಹುಟ್ಟಿದ ಮಗುವಿಗೆ ಮೊದಲ ವರ್ಷ ಪೂರ್ತಿ ದಿನಕ್ಕೆ 400 ಯೂನಿಟ್ 'ಡಿ' ಹನಿ ಕೊಡಬೇಕೆನ್ನುತ್ತದೆ. ಈ ಹನಿ ಖಾಸಗಿ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಚೀಟಿಯಲ್ಲಿರುತ್ತದೆ. ಗುಡಿಸಲಿನ ಮಗುವಿಗೆ ವಿಟಮಿನ್ 'ಎ' ಹನಿ ಕೊಡಲು ಸರ್ಕಾರದ ಕಾರ್ಯಕ್ರಮವಿದೆ, 'ಡಿ'ಗೆ ಅಂಥ ಕಾರ್ಯಕ್ರಮವಿಲ್ಲ. ಬಾಗಿದ ಕಾಲು ಮಾತ್ರ ಎಲ್ಲರಿಗೂ ಕಾಣುತ್ತದೆ.

ಇದೇ ರೋಗ ಬೇರೆಯವರಿಗೆ ಬಂದಾಗ ಲೋಕ ಏನು ಮಾಡಿತು ಎಂಬುದನ್ನು ನಾವು ತಿಳಿದಿರಬೇಕು. ಒಂದು ಕಾಲಕ್ಕೆ ರಿಕೆಟ್ಸ್ ಬ್ರಿಟನ್ನಿನ ಹೊಗೆ ಮುಸುಕಿದ ಕೈಗಾರಿಕಾ ಪಟ್ಟಣಗಳ ಬಡ ಬಿಳಿ ಮಕ್ಕಳ ರೋಗವಾಗಿತ್ತು. 1919ರಲ್ಲಿ ಮೆಲನ್‌ಬಿ ಎಂಬ ವಿಜ್ಞಾನಿ ಮೀನೆಣ್ಣೆಯಿಂದ ಅದನ್ನು ತಡೆಯಬಹುದೆಂದು ತೋರಿಸಿದ. ಅದೇ ವರ್ಷ ಬರ್ಲಿನ್ನಿನಲ್ಲಿ ಹುಲ್ಡ್‌ಶಿನ್ಸ್ಕಿ ಎಂಬ ವೈದ್ಯ ಅತಿನೇರಳೆ ದೀಪದ ಬೆಳಕಿನಿಂದಲೂ ಅದು ವಾಸಿಯಾಗುತ್ತದೆಂದು ತೋರಿಸಿದ. ಎರಡನೇ ಮಹಾಯುದ್ಧದ ಕಷ್ಟದ ದಿನಗಳಲ್ಲೂ ಬ್ರಿಟಿಷ್ ಸರ್ಕಾರ ಮಾರ್ಗರೀನ್ ಎಂಬ ಕೃತಕ ಬೆಣ್ಣೆಗೆ ಕಡ್ಡಾಯವಾಗಿ 'ಡಿ' ಬೆರೆಸಿತು, ಮಕ್ಕಳಿಗೆ ಹಾಲಿನ ಪುಡಿ, ಮೀನೆಣ್ಣೆ ಹಂಚಿತು. ಆ ಮಕ್ಕಳ ತಾಯಂದಿರಿಗೆ ಯಾರೂ ನಿಮ್ಮ ಸಂಸ್ಕೃತಿ ಸರಿಯಿಲ್ಲ, ಉದ್ದನೆಯ ಲಂಗ ಬಿಡಿ ಎಂದು ಉಪದೇಶಿಸಲಿಲ್ಲ. ಆಹಾರಕ್ಕೆ ಔಷಧ ಬೆರೆಸಿದರು, ರೋಗ ಇಳಿಯಿತು.

ಮುಂದೆ 1960ರ ದಶಕದಲ್ಲಿ ಅದೇ ರೋಗ ಗ್ಲಾಸ್ಗೋ ಪಟ್ಟಣದಲ್ಲಿ ಭಾರತ, ಪಾಕಿಸ್ತಾನಗಳಿಂದ ಹೋದ ಕುಟುಂಬಗಳ ಮಕ್ಕಳಲ್ಲಿ ಕಾಣಿಸಿಕೊಂಡಿತು. ಈಗ ಮಾತಿನ ಧಾಟಿಯೇ ಬದಲಾಯಿತು. ರೋಗಕ್ಕೆ 'ಏಷ್ಯನ್ ರಿಕೆಟ್ಸ್' ಎಂದು ಹೆಸರಿಟ್ಟರು. ಚಪಾತಿಯ ತಪ್ಪು, ಪರದೆಯ ತಪ್ಪು, ಮನೆಯಿಂದ ಹೊರಬಾರದ ಹೆಂಗಸರ ತಪ್ಪು ಎಂದರು. ಚಪಾತಿ ಹಿಟ್ಟಿಗೆ 'ಡಿ' ಬೆರೆಸಿ ಎಂದು ಕೇಳಿದಾಗ ಸರ್ಕಾರ ಒಪ್ಪಲಿಲ್ಲ. ಬದಲಿಗೆ 1981ರಲ್ಲಿ 'ರಿಕೆಟ್ಸ್ ನಿಲ್ಲಿಸಿ' ಎಂಬ ಪ್ರಚಾರಾಂದೋಲನ ಹೊರಟಿತು. ಅದರಲ್ಲಿ ಬಿಸಿಲಿಗೆ ಹೋಗಿ, ಮಾರ್ಗರೀನ್ ತಿನ್ನಿ ಎಂಬ ಉಪದೇಶಕ್ಕೇನೂ ಕಡಿಮೆಯಿರಲಿಲ್ಲ. ಆದರೆ ಗ್ಲಾಸ್ಗೋದಲ್ಲಿ ಕೆಲವು ವೈದ್ಯರು ಮಕ್ಕಳಿಗೆ 'ಡಿ' ಹನಿಯನ್ನು ಪುಕ್ಕಟೆಯಾಗಿ ಹಂಚುವ ದಾರಿ ಹಿಡಿದರು, ಅಲ್ಲಿ ರೋಗ ಇಳಿಯಿತು. 2005ರಿಂದ ಬರ್ಮಿಂಗ್‌ಹ್ಯಾಮಿನಲ್ಲಿ ಎಲ್ಲ ಗರ್ಭಿಣಿಯರಿಗೆ, ಎಳೆ ಮಕ್ಕಳಿಗೆ ಧರ್ಮ ಬಣ್ಣ ನೋಡದೆ ಹನಿ, ಮಾತ್ರೆ ಕೊಡತೊಡಗಿದರು. ಕೆಲವೇ ವರ್ಷಗಳಲ್ಲಿ ಈ ಕೊರತೆಯಿಂದ ಆಸ್ಪತ್ರೆಗೆ ಬರುವ ಮಕ್ಕಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಆ ತಾಯಂದಿರು ತಲೆವಸ್ತ್ರ ತೆಗೆದಿರಲಿಲ್ಲ. ಹನಿ ಹಾಕಿದ್ದರು ಅಷ್ಟೆ.

ಪಾಠ ಇಷ್ಟೇ. ತಮ್ಮ ಮಕ್ಕಳಿಗೆ ಬಂದರೆ ಅದು ಆಹಾರದ ಸಮಸ್ಯೆ, ಪರಿಹಾರ ಔಷಧ. ಪರರ ಮಕ್ಕಳಿಗೆ ಬಂದರೆ ಅದು ಸಂಸ್ಕೃತಿಯ ಸಮಸ್ಯೆ, ಪರಿಹಾರ ಉಪದೇಶ. ನಮ್ಮಲ್ಲಿ ಇಂದು ನಡೆಯುತ್ತಿರುವುದೂ ಇದೇ.

ಉಪದೇಶಕರಿಗೆ ಇನ್ನೊಂದು ಪ್ರಶ್ನೆ. 2022ರಲ್ಲಿ ತಲೆವಸ್ತ್ರದ ಕಾರಣಕ್ಕೆ ಕರ್ನಾಟಕದ ಎಷ್ಟೋ ಹುಡುಗಿಯರು ಕಾಲೇಜಿನ ಗೇಟಿನಿಂದ ಹಿಂದಿರುಗಿದರು. ಎಲ್ಲಿಗೆ ಹಿಂದಿರುಗಿದರು? ಅದೇ ಎರಡು ಕೋಣೆಗೆ. ಹುಡುಗಿಗೆ ಶಾಲೆಯೆಂದರೆ ಪಾಠ ಮಾತ್ರವಲ್ಲ. ಮನೆಯಿಂದ ಬಸ್ ನಿಲ್ದಾಣದವರೆಗಿನ ನಡಿಗೆ, ಮಧ್ಯಾಹ್ನದ ಬಿಡುವಿನ ಆಟ, ಗೆಳತಿಯರ ಜೊತೆ ಮರದ ಕೆಳಗಿನ ಹರಟೆ. ಆ ದಾರಿಯನ್ನು ಕಿತ್ತುಕೊಂಡವರೇ ಬಿಸಿಲಿಗೆ ಬನ್ನಿ ಎಂದು ಕರೆದರೆ ಅದನ್ನು ಕಾಳಜಿ ಎನ್ನಲು ನಾಲಿಗೆ ಏಳುವುದಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ವಕ್ಫ್ ಸುದ್ದಿ ಹಬ್ಬಿ ಮುಸ್ಲಿಮರ ಮನೆಗಳ ಮೇಲೆ ಕಲ್ಲು ಬಿದ್ದವು. ಕಲ್ಲು ಬಿದ್ದ ಮನೆಯ ಬಾಗಿಲು ಮರುದಿನ ತೆರೆಯುತ್ತದೆಯೇ? ಹೆಣ್ಣುಮಕ್ಕಳನ್ನು ಒಳಗೆ ಕೂರಿಸುವುದು ಬರೀ ಧರ್ಮವಲ್ಲ, ಭಯವೂ ಹೌದು.

ಆದರೆ ಭಯ ಹೊರಗಿನಿಂದ ಮಾತ್ರ ಬರುತ್ತಿಲ್ಲ. ಅದೇ 2024ರ ಜನವರಿಯಲ್ಲಿ ಹಾನಗಲ್ಲಿನಲ್ಲಿ ವಸತಿಗೃಹವೊಂದಕ್ಕೆ ನುಗ್ಗಿ ಹೆಣ್ಣೊಬ್ಬಳ ಮೇಲೆ ದಾಳಿ ಮಾಡಿದ ಆರೋಪ ಹೊತ್ತವರು ನಮ್ಮ ಸಮುದಾಯದ ಹುಡುಗರೇ. ಸಮುದಾಯದ ಮಾನ ಕಾಯುವ ಗುತ್ತಿಗೆಯನ್ನು ಇವರಿಗೆ ಕೊಟ್ಟವರು ಯಾರು? ಹುಡುಗಿ ಎಲ್ಲಿಗೆ ಹೋದಳು, ಯಾರ ಜೊತೆ ಹೋದಳು ಎಂದು ಬೀದಿಬೀದಿಯಲ್ಲಿ ಕಾವಲು ಕೂರುವ ಕಣ್ಣುಗಳು ಹೆಚ್ಚಿದಷ್ಟೂ ಹೆತ್ತವರು ಬಾಗಿಲು ಹಾಕುತ್ತಾರೆ. ಹೊರಗಿನ ಕಲ್ಲು, ಒಳಗಿನ ಕಣ್ಣು ಎರಡೂ ಸೇರಿ ಬಿಸಿಲಿಗೆ ಬಾಗಿಲು ಹಾಕಿವೆ.

ನಮ್ಮ ಹಿರಿಯರಿಗೆ, ಜಮಾಅತಿನ ಮುಖಂಡರಿಗೆ ಈಗ ನೇರವಾಗಿಯೇ ಹೇಳಬೇಕು. ಇಸ್ಲಾಮಿನ ಆರಂಭದ ದಿನಗಳ ಹೆಂಗಸರು ಕತ್ತಲ ಕೋಣೆಯವರಾಗಿರಲಿಲ್ಲ. ಹಜ್ರತ್ ಅಬೂಬಕರರ ಮಗಳು ಅಸ್ಮಾ ಗಂಡನ ಜಮೀನಿನಿಂದ ಖರ್ಜೂರದ ಬೀಜವನ್ನು ತಲೆಯ ಮೇಲೆ ಹೊತ್ತು ಮೈಲಿಗಟ್ಟಲೆ ಮದೀನಾದ ಬಿಸಿಲಲ್ಲಿ ನಡೆದವರು. ಪ್ರವಾದಿಯವರು ಹಜ್ರತ್ ಆಯಿಶಾರ ಜೊತೆ ಓಟದ ಪಂದ್ಯ ಓಡಿದವರು. ದೇಹಕ್ಕೂ ಮನುಷ್ಯನ ಮೇಲೆ ಹಕ್ಕಿದೆ ಎಂದು ಅತಿಯಾದ ಉಪವಾಸಿಗೆ ತಿಳಿಹೇಳಿದವರು. ಸೂರ್ಯನ ಹೆಸರಿನ ಅಧ್ಯಾಯವೇ ಕುರ್‌ಆನಿನಲ್ಲಿದೆ. ಇವನ್ನೆಲ್ಲ ಜುಮಾ ಖುತ್ಬಾದಲ್ಲಿ ಹೇಳಲು ಯಾವ ಅಡ್ಡಿಯಿದೆ? ವುಜೂವಿನ ಸೂಕ್ಷ್ಮಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು ವುಜೂ ಮಾಡಿ ಎದ್ದು ನಿಲ್ಲಲಾಗದ ಹೆಂಗಸಿನ ಬಗ್ಗೆ ಒಂದು ಶುಕ್ರವಾರ ಹತ್ತು ನಿಮಿಷ ಮಾತಾಡಬಾರದೇ?

ಬಿಸಿಲಿನ ಲೆಕ್ಕವಂತೂ ನಮಗೆ ಹೊಸದಲ್ಲ. ಎಳೆಬಿಸಿಲೇ ವಿಟಮಿನ್ 'ಡಿ' ಎಂಬ ನಂಬಿಕೆ ಊರೆಲ್ಲ ಇದೆ. ಎಳೆಬಿಸಿಲು ಹಿತ, ಆದರೆ ಓರೆಯಾಗಿ ಬರುವ ಆ ಬೆಳಕಿನಲ್ಲಿ ಬೇಕಾದ ಕಿರಣ ಬಹಳ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತೇ 'ಡಿ' ಸಿಗುವ ಹೊತ್ತು. ಜುಹರ್ ಯಾವಾಗ ಶುರು, ನೆರಳು ಒಂದು ಪಾಲು ಯಾವಾಗ ಆಯಿತು, ಎರಡು ಪಾಲು ಯಾವಾಗ ಆಯಿತು ಎಂದು ಅಸರ್‌ನ ಹೊತ್ತು ಅಳೆಯಲು ಕಲಿತ ಸಮುದಾಯಕ್ಕೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಜುಹರ್‌ನ ಆಚೀಚೆ ಮನೆಯ ಮಾಳಿಗೆಯ ಮೇಲೆ ಮುಖ, ಕೈ, ಕಾಲು ತೆರೆದು ಅರ್ಧ ಗಂಟೆ, ವಾರಕ್ಕೆ ನಾಲ್ಕೈದು ದಿನ ಕೂತರೆ ಕಂದು ಚರ್ಮದವರಾದ ನಮಗೆ ಸಾಕಷ್ಟು ಸಿಗುತ್ತದೆ. ಏಪ್ರಿಲ್, ಮೇ ತಿಂಗಳ ಸುಡುಬಿಸಿಲಲ್ಲಿ ಎಚ್ಚರ ಬೇಕು. ಹಸುಗೂಸನ್ನು ಮಾತ್ರ ಆ ಬಿಸಿಲಿಗೆ ಹಿಡಿಯುವಂತಿಲ್ಲ, ಅದಕ್ಕೆ ಹನಿಯೇ ದಾರಿ.

ಮಾಳಿಗೆ ಇಲ್ಲದವರು ಎಲ್ಲಿಗೆ ಹೋಗಬೇಕು? ನಮ್ಮ ಊರೂರಿನಲ್ಲಿ ಈದ್ಗಾ ಮೈದಾನಗಳಿವೆ. ವರ್ಷಕ್ಕೆ ಎರಡು ಬೆಳಗು ಅಲ್ಲಿ ನಮಾಜ್. ಉಳಿದ 363 ದಿನ ಬೀಗ, ಇಲ್ಲವೇ ಮುಳ್ಳುಕಂಟಿ. ಅಗಲವಾದ ನೆಲ, ಸುತ್ತ ಗೋಡೆ, ಮೇಲೆ ತೆರೆದ ಆಕಾಶ. ಹಳೆಯ ಮನೆಗಳು ಕಳೆದುಕೊಂಡ ಆಂಗನ್ ಇದೇ ಅಲ್ಲವೇ? ವಾರದಲ್ಲಿ ನಾಲ್ಕು ದಿನ, ಹಗಲಿನ ಎರಡು ಗಂಟೆ ಅದನ್ನು ಹೆಂಗಸರಿಗೆ, ಹುಡುಗಿಯರಿಗೆ ಬಿಟ್ಟುಕೊಡಿ. ಅವರು ನಡೆಯಲಿ, ಓಡಲಿ, ಖೊಖೊ ಆಡಲಿ. ಬಾಗಿಲಲ್ಲಿ ಕಾವಲಿಗೆ ಹಿರಿಯ ಹೆಂಗಸೊಬ್ಬಳು ಕೂರಲಿ. ಬಾಡಿಗೆ ಕೋಣೆಯಲ್ಲಿ ನಡೆಯುವ, ಆಟದ ಮೈದಾನವಿಲ್ಲದ ಉರ್ದು ಶಾಲೆಗಳ ಮಕ್ಕಳೂ ಅಲ್ಲಿ ಆಡಲಿ. ಇದಕ್ಕೆ ಸರ್ಕಾರದ ಅನುದಾನ ಬೇಡ, ಯಾರ ಅನುಮತಿಯೂ ಬೇಡ, ನಮ್ಮ ಮುತವಲ್ಲಿಗಳ ಕೈಯಲ್ಲಿರುವ ಬೀಗದ ಕೈ ಸಾಕು. ವಕ್ಫ್ ನೆಲ ಅಲ್ಲಾಹನ ಹೆಸರಿನಲ್ಲಿ ಜನರಿಗೆ ಬಿಟ್ಟ ನೆಲ ಎನ್ನುವವರು ಜನರಲ್ಲಿ ಹೆಂಗಸರೂ ಸೇರಿದ್ದಾರೆಂಬುದನ್ನು ಒಮ್ಮೆ ತೋರಿಸಿಕೊಡಲಿ.

ಇನ್ನು ಸರ್ಕಾರದ ಪಾಲು. ಬಿಸಿಲಿನ ನಂತರದ ದಾರಿ ಆಹಾರ. ವಯಸ್ಕರಿಗೆ ದಿನಕ್ಕೆ 600 ಯೂನಿಟ್ 'ಡಿ' ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿತು. ಒಂದು ಮೊಟ್ಟೆಯಲ್ಲಿ ಸುಮಾರು 40 ಯೂನಿಟ್. ಬಂಗುಡೆ, ಬೂತಾಯಿಯಂಥ ಕೊಬ್ಬಿನ ಮೀನಿನಲ್ಲಿ ಹೆಚ್ಚು, ಅದು ಕರಾವಳಿಯವರ ತಟ್ಟೆಗೆ ಸಿಕ್ಕಷ್ಟು ನಮ್ಮ ತಟ್ಟೆಗೆ ಸಿಗುವುದಿಲ್ಲ. ನಮ್ಮ ಜೋಳದ ರೊಟ್ಟಿ ಬಲು ಒಳ್ಳೆಯದು, ಆದರೆ ನೂರು ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಮೂವತ್ತು ಮಿಲಿಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ಮುನ್ನೂರೈವತ್ತರ ಆಸುಪಾಸು ಇದೆ, ಎಳ್ಳಿನಲ್ಲಿ ಸಾವಿರ ದಾಟುತ್ತದೆ. 'ಡಿ'ಯೂ ಇಲ್ಲ, ಕ್ಯಾಲ್ಸಿಯಮ್ಮೂ ಇಲ್ಲ ಎಂದಾಗ ಮೂಳೆಗೆ ಎರಡು ಕಡೆಯಿಂದಲೂ ಏಟು.

ಇಂಥ ನಾಡಿನಲ್ಲಿ 2021ರ ಡಿಸೆಂಬರಿನಲ್ಲಿ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡುವುದರ ವಿರುದ್ಧ ಮಠಾಧೀಶರು ಬೀದಿಗಿಳಿಯುವ ಮಾತಾಡಿದರು. ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ನಮಗೆ ಮೊಟ್ಟೆ ಬೇಕು ಎಂದು ಖಡಾಖಂಡಿತವಾಗಿ ಉತ್ತರ ಕೊಟ್ಟಳು. ಅವಳ ಮಾತೇ ಗೆದ್ದಿತು. 2022ರಿಂದ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಬಂತು, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ ಕೊಡುವ ಒಪ್ಪಂದವಾಯಿತು. ಮೊಟ್ಟೆಯೊಂದರಿಂದಲೇ 'ಡಿ' ಕೊರತೆ ತುಂಬುವುದಿಲ್ಲ, ಆದರೆ ಮಕ್ಕಳ ತಟ್ಟೆಗೆ ಧರ್ಮದ ಕೈ ಹಾಕುವವರು ಎಲ್ಲ ಧರ್ಮದಲ್ಲೂ ಇದ್ದಾರೆ ಎಂಬುದು ತಿಳಿಯಿತು. ಹಾಲಿಗೆ, ಅಡುಗೆ ಎಣ್ಣೆಗೆ ವಿಟಮಿನ್ 'ಎ' ಮತ್ತು 'ಡಿ' ಬೆರೆಸಲು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಪ್ರಮಾಣ ಗೊತ್ತುಮಾಡಿತು. ಬೆರೆಸಿದ ಪೊಟ್ಟಣದ ಮೇಲೆ 'ಪ್ಲಸ್ ಎಫ್' ಗುರುತಿರುತ್ತದೆ. ಆದರೆ ಸಂತೆಯಲ್ಲಿ ಬಿಡಿ ಎಣ್ಣೆ ಕೊಳ್ಳುವವಳಿಗೆ ಯಾವ ಗುರುತು? 2021ರಲ್ಲಿ ಘೋಷಿಸಿ 2024ರ ಹೊತ್ತಿಗೆ ದೇಶದ ಪಡಿತರಕ್ಕೆಲ್ಲ ತಂದ ಸಾರವರ್ಧಿತ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿದರು, 'ಡಿ' ಬೆರೆಸಲಿಲ್ಲ.

ಇರುವುದನ್ನಾದರೂ ಕೇಳಿ ಪಡೆಯುತ್ತೇವೆಯೇ? ಗರ್ಭಿಣಿಯರಿಗೆ ಕ್ಯಾಲ್ಸಿಯಂ ಮಾತ್ರೆ ಕೊಡಬೇಕೆಂದು 2014ರಲ್ಲೇ ಕೇಂದ್ರ ಆರೋಗ್ಯ ಇಲಾಖೆ ಮಾರ್ಗಸೂಚಿ ಹೊರಡಿಸಿದೆ. ಒಂದು ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ 'ಡಿ'. ದಿನಕ್ಕೆ ಎರಡು, ಹದಿನಾಲ್ಕನೇ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ. ಊಟದ ಜೊತೆ ನುಂಗಬೇಕು, ಕಬ್ಬಿಣದ ಮಾತ್ರೆಯ ಜೊತೆಗೆ ನುಂಗಬಾರದು. ಇದು ದಾನವಲ್ಲ, ಹಕ್ಕು. ಆಶಾ ಕಾರ್ಯಕರ್ತೆ ತಂದುಕೊಟ್ಟ ಈ ಮಾತ್ರೆ ಎಷ್ಟು ಮನೆಗಳಲ್ಲಿ ಡಬ್ಬಿಯ ತಳದಲ್ಲಿ ಬಿದ್ದಿದೆ, ಎಷ್ಟು ಉಪಕೇಂದ್ರಗಳಲ್ಲಿ ದಾಸ್ತಾನೇ ಮುಗಿದಿದೆ ಎಂದು ನಮ್ಮ ಪಂಚಾಯತಿ ಸದಸ್ಯರು ಒಮ್ಮೆಯಾದರೂ ಕೇಳಿದ್ದಾರೆಯೇ?

ಕೇಳದಿದ್ದಾಗ ಅಂಗಡಿ ತೆರೆಯುತ್ತದೆ. ಕೊರತೆಯ ಭಯ ಈಗ ವ್ಯಾಪಾರವೂ ಆಗಿದೆ. ಮೂರು ದಿನದ ಕೂಲಿ ತಿನ್ನುವ ರಕ್ತಪರೀಕ್ಷೆ, ಲಕ್ಷಗಟ್ಟಲೆ ಯೂನಿಟ್ಟಿನ ಸೂಜಿ, ವರ್ಷಗಟ್ಟಲೆ ಪುಡಿ. ಅಮೆರಿಕದ ಎಂಡೊಕ್ರೈನ್ ಸೊಸೈಟಿಯೇ 2024ರಲ್ಲಿ ಆರೋಗ್ಯವಂತ ವಯಸ್ಕರಿಗೆಲ್ಲ ಈ ಪರೀಕ್ಷೆ ಬೇಡ ಎಂದಿತು. ಮಕ್ಕಳು, ಗರ್ಭಿಣಿಯರು, 75 ದಾಟಿದವರಂಥ ಕೆಲವರಿಗೆ ಪರೀಕ್ಷೆಯಿಲ್ಲದೆಯೇ 'ಡಿ' ಕೊಡಬಹುದೆಂದಿತು. 'ಡಿ' ನುಂಗಿದರೆ ಹೃದಯರೋಗ, ಕ್ಯಾನ್ಸರು ಬರುವುದಿಲ್ಲ ಎಂಬ ಮಾತೂ ನಿಲ್ಲಲಿಲ್ಲ. ಅಲ್ಲಿಯೇ 25,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2018ರಲ್ಲಿ ಫಲಿತಾಂಶ ಬಂದ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಕುತ್ತು. ಆದ್ದರಿಂದ ಡಾಕ್ಟರು ಹೇಳಿದ ವಾರಗಳು ಮುಗಿದ ಮೇಲೂ ಅಂಗಡಿಯವನ ಮಾತು ಕೇಳಿ ಪುಡಿ ನುಂಗಬಾರದು. ಕೊರತೆ ಇಲ್ಲದವರಿಗೆ ಮಾರುವುದು, ಇರುವವರಿಗೆ ಮುಟ್ಟಿಸದಿರುವುದು: ನಮ್ಮ ಆರೋಗ್ಯ ವ್ಯವಸ್ಥೆಯ ಕತೆಯೇ ಇದು.

ಬಡ ಹೆಂಗಸಿನ ನೋವಿಗೆ ಈ ಜಿಲ್ಲೆಯಲ್ಲಿ ಎಂಥ ಉತ್ತರ ಸಿಕ್ಕಿದೆ ಎಂಬುದಕ್ಕೆ ನೆರೆಯ ರಾಣೆಬೆನ್ನೂರು ತಾಲ್ಲೂಕು ಸಾಕ್ಷಿ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ತಾಂಡಾಗಳ ಲಂಬಾಣಿ ಹೆಂಗಸರು ಕಳೆದ ದಶಕದಲ್ಲಿ ಗರ್ಭಕೋಶ ಕಳೆದುಕೊಂಡು ಬೀದಿಗಿಳಿದು ನ್ಯಾಯ ಕೇಳಿದರು. ಅವರು ಬುರ್ಖಾದವರಲ್ಲ, ದಿನವಿಡೀ ಬಿಸಿಲಲ್ಲಿ ದುಡಿದವರು. ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಜೊತೆ ಅಂಡಾಶಯವೂ ಹೋದರೆ ಮೂಳೆ ಬೇಗ ಸವೆಯುತ್ತದೆ. ಬಿಸಿಲಿದ್ದವಳಿಗೂ ಮೂಳೆ ಉಳಿಯಲಿಲ್ಲ, ಬಿಸಿಲಿಲ್ಲದವಳಿಗೂ ಉಳಿಯಲಿಲ್ಲ. ಇಬ್ಬರಲ್ಲೂ ಸಮಾನವಾದದ್ದು ಒಂದೇ: ಅವರ ನೋವನ್ನು ಕೇಳಿಸಿಕೊಂಡವರು ಇರಲಿಲ್ಲ.

ನಮ್ಮ ಕೇಳಿಕೆ ದೊಡ್ಡದೇನಲ್ಲ. ಹುಟ್ಟಿದ ಪ್ರತಿ ಮಗುವಿಗೆ ಒಂದು ವರ್ಷ 'ಡಿ' ಹನಿಯನ್ನು ಅಂಗನವಾಡಿಯ ಮೂಲಕ ಪುಕ್ಕಟೆ ಕೊಡಲಿ. ಪಡಿತರದ, ಬಿಸಿಯೂಟದ ಎಣ್ಣೆ ಹಾಲುಗಳಿಗೆ 'ಡಿ' ಬೆರೆಸುವುದು ಕಡ್ಡಾಯವಾಗಲಿ. 2022ರಲ್ಲಿ ಹಾವೇರಿಗೆ ಬಂದ ವೈದ್ಯಕೀಯ ಕಾಲೇಜಿನ ವೈದ್ಯರು ಈ ನಾಲ್ಕು ತಾಲ್ಲೂಕುಗಳ ಹೆಂಗಸರ, ಮಕ್ಕಳ ಮೂಳೆಯ ಸ್ಥಿತಿಯನ್ನು ಜಾತಿ ಧರ್ಮ ನೋಡದೆ ಲೆಕ್ಕ ಹಾಕಿ ಜನರ ಮುಂದಿಡಲಿ. ಉರ್ದು ಶಾಲೆಗೂ ಕನ್ನಡ ಶಾಲೆಗೂ ಆಟದ ಮೈದಾನ ಸಿಗಲಿ. ಈದ್ಗಾದ ಬೀಗ ತೆರೆಯಲಿ.

ಶರೀಫರ ನಾಡು, ಕನಕದಾಸರ ನಾಡು ಎಂದು ಶಿಗ್ಗಾಂವಿಯ ಪ್ರತಿ ಚುನಾವಣೆಯಲ್ಲೂ ಭಾಷಣ ಕೇಳುತ್ತೇವೆ. ಆ ನಾಡಿನ ಹೆಂಗಸು ಎಂಥ ಬಟ್ಟೆ ಉಡಬೇಕೆಂದು ಹೇಳಲು ಎರಡೂ ಕಡೆ ನೂರು ಬಾಯಿಗಳಿವೆ. ಆಕೆಗೆ ಬೇಕಾದದ್ದು ಒಂದಷ್ಟು ತೆರೆದ ನೆಲ, ಒಂದು ಲೋಟ ಹಾಲು, ಹೊತ್ತಿಗೆ ಸರಿಯಾಗಿ ಒಂದು ಮಾತ್ರೆ, ಅಂಜಿಕೆಯಿಲ್ಲದ ಅರ್ಧ ಗಂಟೆ. ಬಟ್ಟೆಯ ತೀರ್ಮಾನವನ್ನು ಆಕೆಗೇ ಬಿಡಿ. ಬಾಗಿಲು ತೆಗೆಯುವ ಕೆಲಸ ಮಾತ್ರ ಬಾಗಿಲು ಹಾಕಿದವರದು.